ಬಸ್ರೂರು ಬಿಟ್ಟು ಮುಂದೆ ಓಡಬೇಡಿ

ಕರಾವಳಿ ಪ್ರವಾಸ ಅಂದರೆ ಈಗ ಉಡುಪಿ, ಮುರುಡೇಶ್ವರ, ಗೋಕರ್ಣ. ಹೆದ್ದಾರಿ 66 ಬಿಟ್ಟು ಕೆಲವೇ ಕಿಲೋಮೀಟರ್ ಒಳಗಿರುವ ಬಾರಕೂರು, ಬಸ್ರೂರು ಎಂಬ ಹಳೇ ಬಂದರು ಪೇಟೆಗಳ ಕಡೆ ತಿರುಗುವವರು ಕಡಿಮೆ. ತಿರುಗಿದವರೂ ದೇವಸ್ಥಾನಕ್ಕೆ ಒಂದು ಸುತ್ತು ಬಂದು, ಫೋಟೋ ತೆಗೆದು ಹೊರಡುತ್ತಾರೆ. ನನಗೆ ಇದು ನಿಜಕ್ಕೂ ಸಂಕಟ.

ಈ ಊರುಗಳಲ್ಲಿ ಮೊದಲು ಹೊಳೆ ನೋಡಿ, ಗುಡಿ ಆಮೇಲೆ. ಬಾರಕೂರಿಗೆ ಸೀತಾನದಿ, ಬಸ್ರೂರಿಗೆ ವಾರಾಹಿ, ಗೇರುಸೊಪ್ಪೆಗೆ ಶರಾವತಿ, ಮಿರ್ಜಾನಿಗೆ ಅಘನಾಶಿನಿ. ಒಂದೂ ಸಮುದ್ರದ ದಡದಲ್ಲಿಲ್ಲ. ಮಳೆಗಾಲದ ಕಡಲಬ್ಬರಕ್ಕೆ ಸಿಗದಂತೆ ಹೊಳೆಯೊಳಗೆ ಬಂದು ನಿಲ್ಲಬೇಕಿತ್ತು ದೋಣಿಗಳು. ಘಟ್ಟದಿಂದ ಎತ್ತಿನ ಮೇಲೆ ಹೇರಿಕೊಂಡು ಬಂದ ಮೆಣಸು, ಬಯಲಿನ ಅಕ್ಕಿ ಇಲ್ಲೇ ದೋಣಿಗೆ ಏರುತ್ತಿದ್ದವು. ಆ ದುಡ್ಡಿನಿಂದಲೇ ಎದ್ದವು ಅಷ್ಟೊಂದು ಗುಡಿ, ಬಸದಿ. ಬಸ್ರೂರಿನ ಅಕ್ಕಿಗೆ ಪೋರ್ಚುಗೀಸರು ಕಣ್ಣಿಟ್ಟರು. 1665ರಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ಸೂರೆ ಮಾಡಿದ್ದೂ ಇದೇ ಪೇಟೆಯನ್ನು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದವರೂ ಪೋರ್ಚುಗೀಸರೇ.

ಬಾರಕೂರಿನಲ್ಲಂತೂ ನಡೆದೇ ನೋಡಬೇಕು. ತುಳುನಾಡನ್ನು ಆಳಿದ ಆಳುಪರ ರಾಜಧಾನಿ, ಆಮೇಲೆ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ, ಅಂದರೆ ಪ್ರಾಂತ್ಯದ, ಕೇಂದ್ರ. ಕತ್ತಲೆ ಬಸದಿಯ ಕೆಂಪುಕಲ್ಲಿನ ಗೋಡೆ ನೋಡಿ, ಅಲ್ಲಿಂದ ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂದು ಒಂದೊಂದೇ ಕೇರಿ ದಾಟಿ. ಹಳೇ ಪಟ್ಟಣದ ನಕ್ಷೆ ಆ ಹೆಸರುಗಳಲ್ಲೇ ಉಳಿದಿದೆ. ಅಲ್ಲಿನ ಹಿರಿಯರನ್ನು ಮಾತಾಡಿಸಿ, ಒಬ್ಬರಿಗಾದರೂ ಎಲ್ಲಿ ಶಾಸನದ ಕಲ್ಲಿದೆ ಎಂದು ಗೊತ್ತಿರುತ್ತದೆ.

ಸ್ಮಾರಕಗಳ ಎದುರಿನ ಫಲಕಗಳು ಸಾಮಾನ್ಯವಾಗಿ ರಾಜನ ಹೆಸರು, ಶತಮಾನ ಹೇಳಿ ನಿಲ್ಲುತ್ತವೆ. ಕರಾವಳಿಯ ಶಾಸನಗಳಲ್ಲಿ ನಖರ, ಹಂಜಮಾನ ಎಂದು ವರ್ತಕರ ಸಂಘಗಳ ಹೆಸರೇ ಬರುತ್ತದೆ. ಅವರಿಗೊಂದು ಸಾಲು ಬೇಡವೇ? ಹಳೇ ಧಕ್ಕೆ ಇದ್ದ ಕಡೆ, ಹೊಳೆ ಬದಿಯಲ್ಲಿ, ಏನು ಬರುತ್ತಿತ್ತು, ಏನು ಹೋಗುತ್ತಿತ್ತು ಎಂದು ತಿಳಿಸುವ ಒಂದು ನಕ್ಷೆ ಹಾಕಲು ಪಂಚಾಯತಿಗೆ ದೊಡ್ಡ ಖರ್ಚೇನೂ ಇಲ್ಲ. ಶಾಲಾ ಮಕ್ಕಳನ್ನು ಮೈಸೂರು, ಹಂಪಿಗೆ ಧಾರಾಳವಾಗಿ ಕರೆದುಕೊಂಡು ಹೋಗಿ. ಆದರೆ ಕುಂದಾಪುರದ ಮಕ್ಕಳು ಬಸ್ರೂರು ನೋಡದೆ ಹತ್ತನೇ ತರಗತಿ ದಾಟಬಾರದು.

ಮಳೆ ನಿಂತ ಮೇಲೆ ಹೊರಡಿ. ಬೆಳಿಗ್ಗೆ ಬಾರಕೂರು, ಊಟಕ್ಕೆ ಕುಂದಾಪುರ, ಬಿಸಿಲು ಇಳಿದ ಮೇಲೆ ಬಸ್ರೂರಿನ ಮಹಾಲಿಂಗೇಶ್ವರ. ಗೇರುಸೊಪ್ಪೆಯ ಚತುರ್ಮುಖ ಬಸದಿ ಕಾಡಿನ ನಡುವೆ ಇದೆ, ಅದಕ್ಕೆ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ.