ಲಕ್ಷ್ಮಮ್ಮನ ಕೊನೆಯ ಹೆಸರು

ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳು, ಕೆಲಸದ ಜಾಗಕ್ಕೇ ಹೋಗಿ ಅಲ್ಲಿನ ತಂತ್ರಾಂಶವನ್ನು ತಿದ್ದುತ್ತ ಕಲಿಯುವ ಕ್ರಿಯಾ ಸಂಶೋಧನೆಗೆ ಪಿಎಚ್‌.ಡಿ. ಪ್ರಸ್ತಾವ ಮಂಡಿಸಿದಾಗ ಸಮಿತಿಯ ಹಿರಿಯರೊಬ್ಬರು ಕೇಳಿದರು: "ಆಸ್ಪತ್ರೆಗೆ ಹೋಗಿ ತಂತ್ರಾಂಶ ಸರಿಪಡಿಸಿ ಬರುವುದು ಸಂಶೋಧನೆ ಹೇಗಾಗುತ್ತದಮ್ಮ? ಐನೂರು ಜನರಿಗೆ ಪ್ರಶ್ನಾವಳಿ ಕಳುಹಿಸು, ವಿಶ್ಲೇಷಣೆ ಮಾಡು, ಎರಡು ವರ್ಷದಲ್ಲಿ ಮುಗಿಯುತ್ತದೆ." ಹುಡುಗಿ ತಲೆ ತಗ್ಗಿಸಿದಳು. ಆ ಹೊತ್ತಿನಲ್ಲಿ ನಾನು ಕೊಟ್ಟ ಉತ್ತರ ಅರ್ಧವಾಯಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸುಮಾರು ಹದಿನೈದು ವರ್ಷಗಳ ಹಿಂದೆ ನಾನೂ ಪ್ರಶ್ನಾವಳಿ ಹಿಡಿದು ಬೆಂಗಳೂರಿನ ಪೇಟೆಯ ಕಡೆಯ ಒಂದು ಧರ್ಮಾಸ್ಪತ್ರೆಗೆ ಹೋಗಿದ್ದೆ. ಚೀಟಿ ಬರೆಯುವ ಕೌಂಟರಿಗೆ ಹೊಸ ತಂತ್ರಾಂಶ ಬಂದಿತ್ತು. ಫ್ರೆಡ್ ಡೇವಿಸ್ ಎಂಬ ಸಂಶೋಧಕ 1989ರಲ್ಲಿ ಮುಂದಿಟ್ಟ ಮಾದರಿ ಆಗ ನಮಗೆಲ್ಲ ವೇದವಾಕ್ಯ: ಬಳಸಲು ಸುಲಭ, ಕೆಲಸಕ್ಕೆ ಉಪಯುಕ್ತ ಎಂದು ಜನರಿಗೆ ಅನ್ನಿಸಿದರೆ ಅವರು ತಂತ್ರಜ್ಞಾನವನ್ನು ಒಪ್ಪಿಕೊಳ್ಳುತ್ತಾರೆ. ಕೌಂಟರಿನಲ್ಲಿದ್ದ ಅಕ್ಕ ನನ್ನ ಪ್ರಶ್ನೆಗಳಿಗೆ ಐದರಲ್ಲಿ ನಾಲ್ಕು ಅಂಕ ಕೊಟ್ಟರು. ಸುಳ್ಳು ಹೇಳಲಿಲ್ಲ. ತಂತ್ರಾಂಶ ನಿಜಕ್ಕೂ ಸುಲಭವಾಗಿತ್ತು.

ಆದರೆ ಅವರ ಮೇಜಿನ ಖಾನೆಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಮೂರನೆಯ ವಾರ, ಪ್ರಶ್ನೆಗಳೆಲ್ಲ ಮುಗಿದು ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದಾಗ.

ಪರದೆಯ ಮೇಲೆ ಮೊದಲ ಹೆಸರು, ಕೊನೆಯ ಹೆಸರು, ಮೊಬೈಲ್ ಸಂಖ್ಯೆ ಮೂರೂ ಕಡ್ಡಾಯ. ಲಕ್ಷ್ಮಮ್ಮ ಎಂಬ ಹೆಂಗಸಿಗೆ ಕೊನೆಯ ಹೆಸರು ಎಲ್ಲಿಂದ ತರುವುದು? ನಮ್ಮಲ್ಲಿ ಬಹಳ ಜನಕ್ಕೆ ಇರುವುದು ಒಂದು ಹೆಸರು, ಹಿಂದೆಯೋ ಮುಂದೆಯೋ ಒಂದು ಇನಿಷಿಯಲ್. ಅಕ್ಕ ಆ ಜಾಗದಲ್ಲಿ ಒಂದು ಚುಕ್ಕೆ ಒತ್ತುತ್ತಿದ್ದರು. ಮೊಬೈಲ್ ಸಂಖ್ಯೆ ಮಗನದೋ, ಮನೆ ಮಾಲೀಕರದೋ, ಕೆಲಸಕ್ಕೆ ಹೋಗುವ ಮನೆಯವರದೋ ಆಗಿರುತ್ತಿತ್ತು. ಹೀಗಾಗಿ ಹಳೆಯ ದಾಖಲೆ ಹುಡುಕಲು ಹೊರಟರೆ ಸಾಲುಸಾಲು ಲಕ್ಷ್ಮಮ್ಮಂದಿರು, ಎಲ್ಲರ ಮುಂದೆಯೂ ಚುಕ್ಕೆ. ಆಗ ನೋಟ್‌ಬುಕ್ ಹೊರಗೆ ಬರುತ್ತಿತ್ತು. "ಹೂವಿನ ಲಕ್ಷ್ಮಮ್ಮ, ಸಕ್ಕರೆ ಕಾಯಿಲೆ." "ಬಾಳೆಮಂಡಿ ಲಕ್ಷ್ಮಮ್ಮ." "ಗಂಡ ಬಿಟ್ಟುಹೋದ ಲಕ್ಷ್ಮಮ್ಮ, ಟಿ.ಬಿ." ಆ ಆಸ್ಪತ್ರೆಯ ನಿಜವಾದ ಮಾಹಿತಿ ವ್ಯವಸ್ಥೆ ಆ ನೋಟ್‌ಬುಕ್ಕಾಗಿತ್ತು. ನಾನು ಅಂಕ ಕೊಡಿಸಿದ್ದು ಅದರ ಪಕ್ಕದಲ್ಲಿದ್ದ ಯಂತ್ರಕ್ಕೆ.

ಇಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ವೀಕ್ಷಣೆ ಆಗುತ್ತಿತ್ತು. ನಾವು ಕೈಹಾಕಿದೆವು. 'ಗುರುತು' ಎಂಬ ಹೊಸ ಅಂಕಣ ಸೇರಿಸಿ, ಇನ್ನು ನೋಟ್‌ಬುಕ್ ಬೇಡ ಎಂದು ಬೀಗುತ್ತ ಬಂದೆವು. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಅಂಕಣ ಖಾಲಿ. ಯಾಕಕ್ಕ ಎಂದು ಕೇಳಿದೆ. ಅವರು ಒಂದು ಚೀಟಿ ಅಚ್ಚು ಹಾಕಿ ನನ್ನ ಕೈಗಿತ್ತು ಹೇಳಿದರು: "ಇದರ ಮೇಲೆ ಗಂಡ ಬಿಟ್ಟವಳು ಎಂದು ಬಂದರೆ ಅವಳು ಮತ್ತೆ ಈ ಬಾಗಿಲು ತುಳಿಯುತ್ತಾಳೆಯೇ? ನೋಟ್‌ಬುಕ್ಕಿನಲ್ಲಿ ಬರೆದದ್ದು ನನಗೆ ಮಾತ್ರ ಗೊತ್ತು."

ಈ ಮಾತು ಮೂರು ವಾರ ಪಕ್ಕದಲ್ಲಿ ಕುಳಿತರೂ ನನಗೆ ಸಿಕ್ಕಿರಲಿಲ್ಲ. ನಾವು ಏನನ್ನೋ ಬದಲಿಸಿದ್ದರಿಂದ, ಬದಲಿಸಿದ್ದು ಸೋತಿದ್ದರಿಂದ ಸಿಕ್ಕಿತು. ಎರಡನೆಯ ಸುತ್ತಿನಲ್ಲಿ ಗುರುತಿನ ಅಂಕಣ ಕೌಂಟರಿನ ಪರದೆಯಲ್ಲಿ ಮಾತ್ರ ಉಳಿಯಿತು, ಚೀಟಿಯ ಮೇಲೆ ಬರಲಿಲ್ಲ. ಕೊನೆಯ ಹೆಸರು ಕಡ್ಡಾಯವಲ್ಲ ಎಂದಾಯಿತು. ಮೊಬೈಲ್ ಸಂಖ್ಯೆಯ ಪಕ್ಕದಲ್ಲಿ 'ಇದು ಯಾರದು' ಎಂದು ಬರೆಯಲು ಜಾಗ ಬಂತು. ನೋಟ್‌ಬುಕ್ ಪೂರ್ತಿ ಮಾಯವಾಗಲಿಲ್ಲ, ಕರೆಂಟ್ ಹೋದ ದಿನ ಅದೇ ಆಸರೆ. ಆದರೆ ಅಕ್ಕ ಮೊದಲ ಸಲ ಪರದೆಯಲ್ಲೇ ಹುಡುಕತೊಡಗಿದರು.

ಹೀಗೆ ಬದಲಿಸಿ, ಸೋತು, ಮತ್ತೆ ತಿದ್ದಿ ಕಲಿಯುವುದಕ್ಕೇ ಕ್ರಿಯಾ ಸಂಶೋಧನೆ ಎಂದು ಹೆಸರು. ನಮ್ಮ ರಾಜ್ಯದಲ್ಲಿ ಬಿ.ಎಡ್. ಮಾಡಿದವರಿಗೆಲ್ಲ ಈ ಪದ ಗೊತ್ತು. ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ವಿಭಾಗಗಳಲ್ಲಿ ಹೇಳಿದರೆ ಮಾತ್ರ ಹುಬ್ಬು ಮೇಲೇರುತ್ತದೆ. ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲೇ ಇದರ ಬಗ್ಗೆ ಬರೆದರು. 1978ರಲ್ಲಿ ಸುಸ್ಮನ್ ಮತ್ತು ಎವೆರೆಡ್ ಇದನ್ನು ಐದು ಹೆಜ್ಜೆಗಳ ಚಕ್ರವಾಗಿ ವಿವರಿಸಿದರು: ಸಮಸ್ಯೆ ಏನೆಂದು ಗುರುತಿಸುವುದು, ಕ್ರಮದ ಯೋಜನೆ, ಕ್ರಮ, ಮೌಲ್ಯಮಾಪನ, ಕಲಿತದ್ದರ ನಿರೂಪಣೆ. ಸಮಿತಿಯ ಹಿರಿಯರ ಪ್ರಶ್ನೆಗೆ ಉತ್ತರ ಆ ಕೊನೆಯ ಹೆಜ್ಜೆಯಲ್ಲಿದೆ. ಸಲಹೆಗಾರನಿಗೆ ಸಮಸ್ಯೆ ಬಗೆಹರಿದರೆ ಸಾಕು, ಬಿಲ್ ಕೊಟ್ಟು ಹೊರಡುತ್ತಾನೆ. ಸಂಶೋಧಕಿ ತಾನು ಯಾವ ಊಹೆ ಹೊತ್ತು ಬಂದಿದ್ದೆ, ಅದು ಎಲ್ಲಿ ಮುರಿಯಿತು, ಮುರಿದ ಜಾಗದಲ್ಲಿ ಏನು ಕಂಡಿತು ಎಂಬುದನ್ನು ಬೇರೆಯವರು ಪರೀಕ್ಷಿಸಲು ಬರುವಂತೆ ಬರೆದಿಡಬೇಕು. ಸೋತ ಸುತ್ತನ್ನೂ ಬರೆಯಬೇಕು. ಇದು ಪ್ರಶ್ನಾವಳಿಗಿಂತ ಕಷ್ಟದ ಕೆಲಸ.

ಸಂದರ್ಭ ಎಂಬ ಮಾತನ್ನು ನಮ್ಮ ಪ್ರಬಂಧಗಳು ಎಷ್ಟು ಅಗ್ಗವಾಗಿ ಬಳಸುತ್ತವೆ ಎಂಬುದು ನನ್ನನ್ನು ನೋಯಿಸುತ್ತದೆ. 'ಭಾರತೀಯ ಸಂದರ್ಭದಲ್ಲಿ' ಎಂದು ಶೀರ್ಷಿಕೆಗೆ ಬಾಲ ಅಂಟಿಸಿ, ಒಳಗೆ ಹೊರಗಿನ ಮಾದರಿಯನ್ನೇ ಹಾಗೆಯೇ ಇಡುತ್ತೇವೆ. ಸಂದರ್ಭ ನಾಟಕದ ಹಿಂದೆ ತೂಗುಹಾಕುವ ಪರದೆಯಲ್ಲ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನೇ ನೋಡಿ. ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ರೈತ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು ಎಂದು ಜಗತ್ತೇ ಕೊಂಡಾಡಿತು. 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೇರೆಯೇ ಚಿತ್ರ ಮುಂದಿಟ್ಟರು: ಬೆಂಗಳೂರಿನ ಸುತ್ತ, ಜಮೀನಿನ ಬೆಲೆ ಗಗನಕ್ಕೇರಿದ್ದ ಕಡೆ, ಅದೇ ದಾಖಲೆಗಳು ದೊಡ್ಡ ಖರೀದಿದಾರರಿಗೆ ಅನುಕೂಲವಾದವು ಎಂದು ವಾದಿಸಿದರು. ಆ ವಾದವನ್ನು ಪೂರ್ತಿ ಒಪ್ಪಬೇಕೆಂದಿಲ್ಲ. ಆದರೆ ಒಣ ಬೇಸಾಯದ ತಾಲ್ಲೂಕಿನಲ್ಲಿ ಒಂದು ಪಹಣಿಯಿಂದ ಆಗುವ ಪರಿಣಾಮವೂ ಬೆಂಗಳೂರಿನ ಅಂಚಿನಲ್ಲಿ ಅಂಥದೇ ಪಹಣಿಯಿಂದ ಆಗುವ ಪರಿಣಾಮವೂ ಒಂದೇ ಎಂದು ನಂಬುವುದು ನನ್ನಿಂದಾಗದು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಪುಸ್ತಕದ ನೋಟ, ಕ್ಷೇತ್ರದ ನೋಟ ಎಂದು ಬೇರೆ ಮಾಡಿ ತೋರಿಸಿದರು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯಲ್ಲಿ ಉಳಿದು ಕಂಡ ಜಾತಿ ವ್ಯವಸ್ಥೆ, ಗ್ರಂಥಗಳ ನಾಲ್ಕು ವರ್ಣಕ್ಕಿಂತ ಬೇರೆಯಾಗಿತ್ತು. ಅದೇ ಶ್ರೀನಿವಾಸ್ 1972ರಲ್ಲಿ ಬೆಂಗಳೂರಿಗೆ ಬಂದು ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಕಟ್ಟುವುದರಲ್ಲಿ ಕೈಜೋಡಿಸಿದರು. ಅವರು ನೆಲೆಸಿದ ಊರಿನಲ್ಲಿ ಕುಳಿತು, ಕೌಂಟರ್ ನೋಡದೆ ಕೌಂಟರಿನ ಬಗ್ಗೆ ಪ್ರಬಂಧ ಬರೆಯುವುದು ನನಗೆ ಸರಿಬರುವುದಿಲ್ಲ.

ಒಂದೇ ಆಸ್ಪತ್ರೆಯಲ್ಲಿ ಕಲಿತದ್ದು ಬೇರೆಡೆ ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ದಕ್ಷಿಣ ಆಫ್ರಿಕದಲ್ಲಿ ಉತ್ತರವಿದೆ. ವರ್ಣಭೇದ ನೀತಿ ಕುಸಿದ 1994ರಲ್ಲಿ ಅಲ್ಲಿ ಆರೋಗ್ಯ ಮಾಹಿತಿಯ ಒಂದು ಕಾರ್ಯಕ್ರಮ ಕೆಲವೇ ಜಿಲ್ಲೆಗಳಲ್ಲಿ ಶುರುವಾಯಿತು. ಓಸ್ಲೊ ವಿಶ್ವವಿದ್ಯಾಲಯದ ಸಂಶೋಧಕರೂ ಸ್ಥಳೀಯರೂ ಸೇರಿ, ಸುತ್ತಿನ ಮೇಲೆ ಸುತ್ತು ತಿದ್ದುತ್ತ ಬೆಳೆಸಿದ ಡಿಎಚ್‌ಐಎಸ್ ತಂತ್ರಾಂಶ ಇಂದು ಹತ್ತಾರು ದೇಶಗಳಲ್ಲಿದೆ. ಒಂದು ಜಾಗದ ಕಲಿಕೆ ಇನ್ನೊಂದು ಜಾಗಕ್ಕೆ ಹೋಗಿ ಅಲ್ಲಿ ಮತ್ತೆ ತಿದ್ದಿಸಿಕೊಳ್ಳುತ್ತ ಹಬ್ಬಿತು.

ನನ್ನ ವಿದ್ಯಾರ್ಥಿನಿಯ ಪ್ರಸ್ತಾವಕ್ಕೆ ಷರತ್ತಿನ ಒಪ್ಪಿಗೆ ಸಿಕ್ಕಿದೆ. ಅವಳಿಗೀಗ ಒಂದು ಕೌಂಟರ್ ಬೇಕು. ಬೆಂಗಳೂರಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ಸಣ್ಣ ಧರ್ಮಾಸ್ಪತ್ರೆ, ಸಹಕಾರ ಸಂಘ ಯಾವುದೇ ಆಗಲಿ, ಆರು ತಿಂಗಳು ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳಲು ಒಪ್ಪುವವರಿದ್ದರೆ ದಯವಿಟ್ಟು ನನಗೆ ಸಂದೇಶ ಕಳುಹಿಸಿ. ಮೊದಲ ಒಂದು ತಿಂಗಳು ಅವಳು ಲ್ಯಾಪ್‌ಟಾಪ್ ತರುವುದಿಲ್ಲ.