ಗ್ರೂಪಿಗೆ ಹಾಕಿದರೆ ಉಳಿಸಿದ ಹಾಗಾಯಿತೇ?

ಇವತ್ತು ಮತ್ತೊಂದು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಪ್ರಶ್ನೆ: "ಟೀಚರ್, ಜೂನ್‌ನಲ್ಲಿ ಹಾಕಿದ ನೋಟ್ಸಿನ ಫೋಟೋ ಓಪನ್ ಆಗುವುದಿಲ್ಲ, ಪುನಃ ಕಳಿಸ್ಬೇಕಾ?" ಎಲ್ಲಿಂದ ಕಳಿಸುವುದು ಆ ಮಗು? ನೋಟ್ ಪುಸ್ತಕ ಗುಜರಿಗೆ ಹೋಗಿದೆ. ಗಲ್ಫಿನಿಂದ ಹೊಸ ಫೋನ್ ಬಂದ ಮೇಲೆ ಹಳೆಯದು ಇನ್ಯಾರದ್ದೋ ಕೈಯಲ್ಲಿದೆ. ಸಿಇ (ನಿರಂತರ ಮೌಲ್ಯಮಾಪನ) ಅಂಕ ಹಾಕುವ ಹೊತ್ತಿಗೆ ಮಗು ಮಾಡಿದ ಕೆಲಸಕ್ಕೆ ಸಾಕ್ಷಿಯೇ ಇಲ್ಲ. ಇದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಾಟ್ಸಾಪ್ ಇರುವುದು ಕಳಿಸಲಿಕ್ಕೆ, ಕಾಪಿಡಲಿಕ್ಕಲ್ಲ. ಡೌನ್‌ಲೋಡ್ ಮಾಡದ ಫೋಟೋ ಅದರ ಸರ್ವರಿನಲ್ಲಿ 30 ದಿನ ಇರುತ್ತದೆ, ಅಷ್ಟೇ. ಡೌನ್‌ಲೋಡ್ ಆದದ್ದು ಅವರವರ ಫೋನಿನಲ್ಲಿ. ಮೆಮೊರಿ ತುಂಬಿತೆಂದು ಮನೆಯಲ್ಲಿ ಯಾರೋ ಗ್ಯಾಲರಿ ಖಾಲಿ ಮಾಡಿದರೆ ಮುಗಿಯಿತು. ಕನ್ನಡ ಮೀಡಿಯಂ ಮಕ್ಕಳಿಗೆ ಇನ್ನೊಂದು ಪೆಟ್ಟೂ ಇದೆ. ಫೋಟೋ ಎಂದು ಕಳಿಸಿದರೆ 3–4 ಎಂಬಿ ಚಿತ್ರ ಕೆಲವು ನೂರು ಕೆಬಿಗೆ ಇಳಿಯುತ್ತದೆ. ಆಗ ಮೊದಲು ಕೆಡುವುದು ಗೆರೆಯ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದ ಒತ್ತಕ್ಷರ. 'ದ್ಯುತಿಸಂಶ್ಲೇಷಣೆ'ಯಲ್ಲಿ ಶಕಾರದ ಕೆಳಗಿನ ಲಕಾರ ಒಂದು ಮಸಿ ಚುಕ್ಕೆಯಾಗಿಬಿಡುತ್ತದೆ. ಮಗು ಸರಿಯಾಗಿಯೇ ಬರೆದಿದೆ, ಮಾಷ್ಟ್ರಿಗೆ ತಪ್ಪು ಕಾಣುತ್ತದೆ! ಗ್ರೂಪಿಗೇ ಹಾಕಬೇಕೆಂದಿದ್ದರೆ ಡಾಕ್ಯುಮೆಂಟ್ ಆಗಿ ಹಾಕಿ, ಚಿತ್ರ ಇದ್ದ ಹಾಗೇ ಹೋಗುತ್ತದೆ. ಆದರೂ ಉಳಿಸಿದ ಹಾಗಾಗಲಿಲ್ಲ.

ಉಳಿಸಲಿಕ್ಕೆ ಗೂಗಲ್ ಡ್ರೈವ್ ಇದೆ: ಫೈಲನ್ನು ಫೋನಿನಲ್ಲಲ್ಲ, ಗೂಗಲ್ ಖಾತೆಯಲ್ಲಿ ಇಡುವ ಆ್ಯಪ್. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಅದು ಮೊದಲೇ ಇರುತ್ತದೆ. ಅದರಲ್ಲಿ ಕೆಳಗೆ ಬಲಬದಿಯ ಕ್ಯಾಮರಾ ಗುರುತು ಒತ್ತಿ, ಪುಟಗಳನ್ನು ಒಂದರ ಹಿಂದೊಂದು ತೆಗೆದು, ಅಂಚು ಸರಿಮಾಡಿ ಸೇವ್ ಕೊಟ್ಟರೆ ಎಲ್ಲ ಸೇರಿ ಒಂದೇ ಪಿಡಿಎಫ್. ಪುಸ್ತಕವನ್ನು ಕಿಟಕಿಯ ಹತ್ತಿರ ಇಡಿ, ಬಲ್ಬಿನ ಅಡಿಯಲ್ಲಿ ಇಟ್ಟರೆ ಫೋನಿನ ನೆರಳೇ ಬೀಳುತ್ತದೆ. ಹೆಸರು '7ಎ_12_ವಿಜ್ಞಾನ_2025-06-18' ಎಂಬಂತಿರಲಿ: ಕ್ಲಾಸು, ನಂಬರು, ವಿಷಯ, ದಿನಾಂಕ. ದಿನಾಂಕದಲ್ಲಿ ವರ್ಷ ಮೊದಲು ಬಂದರೆ ಒಂದೊಂದು ವಿಷಯದ ಫೈಲುಗಳು ತಾವಾಗಿಯೇ ದಿನದ ಕ್ರಮದಲ್ಲಿ ನಿಲ್ಲುತ್ತವೆ.

ಆ ಪಿಡಿಎಫ್‌ನ ಲಿಂಕ್ ಟೀಚರಿಗೆ ಕಳಿಸುವಲ್ಲಿಯೇ ಹೆಚ್ಚಿನವರು ಎಡವುವುದು. ಹೊಸ ಫೈಲ್ ಅದನ್ನು ಮಾಡಿದ ಖಾತೆಗೆ ಮಾತ್ರ ತೆರೆಯುತ್ತದೆ, ಟೀಚರ್ ಒತ್ತಿದರೆ ಅನುಮತಿ ಕೇಳುತ್ತದೆ. ಶೇರ್‌ನಲ್ಲಿ ಟೀಚರರ ಜಿಮೇಲ್ ಹಾಕಿ ವ್ಯೂವರ್ (ನೋಡಲು ಮಾತ್ರ) ಕೊಡಿ. ಇಡೀ ಕ್ಲಾಸಿನ ಫೋಲ್ಡರಿಗೆ ಎಲ್ಲರನ್ನೂ ಎಡಿಟರ್ (ಬದಲಿಸಬಲ್ಲವರು) ಮಾಡಬೇಡಿ. ಒಬ್ಬರ ಬೆರಳು ತಾಗಿ ಇನ್ನೊಬ್ಬರ ಕೆಲಸ ಅಲ್ಲಿಂದ ಕಾಣೆಯಾದೀತು.

ನಮ್ಮ ಕಾಸರಗೋಡಿನ ಎಣ್ಮಕಜೆ, ದೇಲಂಪಾಡಿಯ ಗುಡ್ಡೆಗಳ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ ಎಂಬುದು ನಿಜ. ಆದರೆ ಎಷ್ಟೋ ಸಲ ತಪ್ಪು ಸೆಟ್ಟಿಂಗಿನದ್ದು: ಡ್ರೈವ್‌ನಲ್ಲಿ 'ವೈ-ಫೈಯಲ್ಲಿ ಮಾತ್ರ' ಎಂಬುದು ಆನ್ ಇದ್ದರೆ, ವೈ-ಫೈ ಇಲ್ಲದ ಮನೆಯಲ್ಲಿ ಫೈಲ್ ಕಾಯುತ್ತಲೇ ಇರುತ್ತದೆ. ಅದನ್ನು ಆಫ್ ಮಾಡಿ. ಜಾಗವನ್ನೂ ನೋಡಿಕೊಳ್ಳಿ. ಗೂಗಲ್ ಖಾತೆಯ ಉಚಿತ 15 ಜಿಬಿಯಲ್ಲಿ 2021 ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಹೋದದ್ದೂ ಸೇರುತ್ತದೆ. ಮದುವೆಯ ವಿಡಿಯೋಗಳು ಅದನ್ನು ತುಂಬಿಸಿದರೆ ಮಗುವಿನ ಪಿಡಿಎಫ್‌ಗೆ ಜಾಗವಿಲ್ಲ.

"ಅಮ್ಮಂದಿರಿಗೆ ವಾಟ್ಸಾಪ್ ಬಿಟ್ಟರೆ ಬೇರೇನೂ ಗೊತ್ತಿಲ್ಲ" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೂಗಲ್ ಪೇಯಲ್ಲಿ ಮೀನಿನವನಿಗೆ ಹಣ ಕೊಡುವ ಅಮ್ಮನಿಗೆ ಒಂದು ಕ್ಯಾಮರಾ ಗುರುತು ಒತ್ತಲು ಬಾರದೇ? ಸಣ್ಣ ಮಕ್ಕಳಿಗೆ ಬೇರೆ ಖಾತೆಯೂ ಬೇಡ, ಅಮ್ಮನ ಖಾತೆಯಲ್ಲಿ ಮಗುವಿನ ಹೆಸರಿನದೊಂದು ಫೋಲ್ಡರ್ ಸಾಕು. ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೇ. ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನ ಮಕ್ಕಳಿದ್ದಾರಲ್ಲ, ಮುಂದಿನ ಪಿಟಿಎ ಮೀಟಿಂಗಿನಲ್ಲಿ ಅವರಿಗೆ ಅರ್ಧ ಗಂಟೆ ಕೊಡಿ. ಪ್ರತಿಯೊಬ್ಬರ ಫೋನಿನಲ್ಲಿ ಒಂದೊಂದು ಪುಟ ಸ್ಕ್ಯಾನ್ ಮಾಡಿಸಿ, ಅದು ಟೀಚರರ ಫೋನಿನಲ್ಲಿ ತೆರೆದದ್ದನ್ನು ಕಣ್ಣಾರೆ ನೋಡಿದ ಮೇಲೆ ಮನೆಗೆ ಕಳಿಸಿ.