ದಿಕೆಮ್ ಜೊತೆ ಚಾಕೊಲೇಟ್ ಕೇಕ್ ಬೇಡ
ಫ್ರಾನ್ಸಿನ ಶಾಟೋ ದಿಕೆಮ್ ದ್ರಾಕ್ಷಿ ತೋಟದ ಸೋಟರ್ನ್ ಎಂಬ ಸಿಹಿ ಬಿಳಿ ವೈನನ್ನು ಐಸಿನಷ್ಟು ತಣ್ಣಗೆ ಮಾಡಿ ಚಾಕೊಲೇಟ್ ಕೇಕಿನ ಜೊತೆ ಕೊಡಿ ಅಂದಿದ್ದೀರಿ. ಎರಡೂ ಸರಿಯಲ್ಲ. ತಿನಿಸು ವೈನಿಗಿಂತ ಸಿಹಿಯಾದರೆ ವೈನಿನ ಸಿಹಿ ಅಡಗಿ ಹುಳಿಯೊಂದೇ ನಾಲಿಗೆಗೆ ಸಿಗುತ್ತದೆ, ಜಾಮೂನು ತಿಂದ ಮೇಲೆ ಕಾಫಿ ಸಪ್ಪೆ ಅನ್ನಿಸುವ ಹಾಗೆ. ಕೋಕೋದ ಕಹಿ ಬೇರೆ ವೈನಿನಲ್ಲಿರುವ ಏಪ್ರಿಕಾಟ್, ಜೇನಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಇದಕ್ಕೆ ಬೇಕಾದದ್ದು ಉಪ್ಪು ಮತ್ತು ಕೊಬ್ಬು: ನೀಲಿ ಬೂಷ್ಟಿನ ಉಪ್ಪುಪ್ಪು ರೋಕ್‌ಫೋರ್ ಚೀಸ್, ಇಲ್ಲವೇ ಫ್ವಾ ಗ್ರಾ, ಅಂದರೆ ಕೊಬ್ಬಿಸಿದ ಬಾತುಕೋಳಿಯ ಲಿವರ್. ಸಿಹಿಯೇ ಆಗಬೇಕೆಂದರೆ ಸಕ್ಕರೆ ಕಮ್ಮಿ ಹಾಕಿದ ಏಪ್ರಿಕಾಟ್ ಟಾರ್ಟ್.

ಉಷ್ಣತೆ 10ರಿಂದ 12 ಡಿಗ್ರಿ ಇರಲಿ. ಫ್ರಿಜ್ಜಿನಿಂದ ತೆಗೆದು 20 ನಿಮಿಷ ಬಿಡಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದೇ ಇಲ್ಲ. ಒಬ್ಬರಿಗೆ 60-75 ಮಿ.ಲೀ. ಧಾರಾಳ. ಒಂದು ದ್ರಾಕ್ಷಿ ಬಳ್ಳಿಯಿಂದ ಸಿಗುವುದೇ ಸುಮಾರು ಒಂದು ಗ್ಲಾಸು. ಅಲ್ಲಿನ ಸಿರೋನ್ ಹೊಳೆಯ ಮಂಜಿಗೆ ಬಾಟ್ರೈಟಿಸ್ ಬೂಷ್ಟು ಹಿಡಿದು ಸುಕ್ಕಾದ ಹಣ್ಣನ್ನಷ್ಟೇ ಹಲವು ಸುತ್ತು ಆರಿಸುತ್ತಾರೆ. ಬೂಷ್ಟು ಸರಿಯಾಗಿ ಕೂಡಿಬರದ 2012ರಲ್ಲಿ ದಿಕೆಮ್ ಹೆಸರಿನ ಸಿಹಿ ವೈನನ್ನೇ ಬಿಡುಗಡೆ ಮಾಡಲಿಲ್ಲ.

ಲೇಬಲ್ಲಿನ ಮೇಲೆ ದೊಡ್ಡ ವೈ ಅಕ್ಷರವಿದ್ದರೆ ಅದು ಇಗ್ರೆಕ್, 1959ರಿಂದ ಇದೇ ತೋಟ ಮಾಡುತ್ತಿರುವ ಡ್ರೈ, ಅಂದರೆ ಸಿಹಿಯಿಲ್ಲದ ಬಿಳಿ ವೈನ್. ಬೆಣ್ಣೆಯಲ್ಲಿ ಬೇಯಿಸಿದ ಲಾಬ್‌ಸ್ಟರ್‌ಗೆ ಅದು ಸರಿ, ರೋಕ್‌ಫೋರ್‌ಗಲ್ಲ.